ಶಿವನಸಮುದ್ರದ ಕರೆಂಟು ಏಷ್ಯಾದಲ್ಲೇ ಮೊದಲಾ? ಮತ್ತೆ ಅದು ಬೆಂಗಳೂರನ್ನ ಬಿಟ್ಟು ಕೆಜಿಎಫ್‌ಗೆ ಯಾಕೆ ಹೋಯಿತು?

ಮಂಡ್ಯದ ಮೊಮ್ಮಗ:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಗಗನಚುಕ್ಕಿಗೆ ಹೋಗಿದ್ದೆ. ಕನ್ನಂಬಾಡಿಯಿಂದ ನೀರು ಬಿಟ್ಟಿದ್ದಾರೆ, ಹಾಗಾಗಿ ಹೊಳೆ ತುಂಬಿ ಬೀಳ್ತಾ ಇತ್ತು. ಮಗಳು ಆರನೇ ಕ್ಲಾಸು. ನೀರು ನೋಡಿ ಮುಗಿದ ಮೇಲೆ ಅವಳು ಶುರು ಮಾಡಿದಳು, "ಅಪ್ಪ, ಇಲ್ಲಿರೋದು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ, ಮಿಸ್ ಹೇಳಿದ್ದಾರೆ" ಅಂತ. ನಾನೂ ಚಿಕ್ಕವನಿದ್ದಾಗಿಂದ ಇದನ್ನೇ ಕೇಳಿಕೊಂಡು ಬಂದವನು, ಹೂಂ ಅಂದೆ. ಜೊತೆಗಿದ್ದ ನನ್ನ ಭಾಮೈದ ಬಿಡಬೇಕಲ್ಲ, "ಏಷ್ಯಾ ಬಿಡಿ ಭಾವ, ಇಂಡಿಯಾದಲ್ಲೇ ಮೊದಲಲ್ಲ, ಏಷ್ಯಾದ ಮೊದಲನೆಯದು ಡಾರ್ಜಿಲಿಂಗ್‌ನಲ್ಲಿದೆ" ಅಂದ. ಮಳವಳ್ಳಿ ಹೋಟೆಲಿನಲ್ಲಿ ಊಟ ಮುಗಿಯುವ ತನಕ ಇದೇ ಜಗಳ. ಕೊನೆಗೆ ಸೋತವರು ನಾಟಿಕೋಳಿ ಊಟ ಹಾಕಿಸಬೇಕು ಅಂತ ಪಂದ್ಯ ಆಯಿತು.

ಇನ್ನೊಂದು ವಿಷಯ ನನಗೆ ಮೊದಲಿಂದಲೂ ಕೊರೆಯುತ್ತಾ ಇದೆ. ಇಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಕೆಜಿಎಫ್‌ಗೆ. ಬೆಂಗಳೂರಿಗಲ್ಲ, ರಾಜರಿದ್ದ ಮೈಸೂರಿಗೂ ಅಲ್ಲ. ಪಕ್ಕದ ಹಳ್ಳಿಗಳ ಮಾತಂತೂ ಕೇಳಲೇಬೇಡಿ, ನಮ್ಮಜ್ಜಿ ಮದುವೆಯಾಗಿ ಬಂದಾಗ ಆ ಲೈನು ಹೊಲದ ಮೇಲೇ ಹಾದುಹೋಗ್ತಾ ಇತ್ತಂತೆ, ಮನೆಯೊಳಗೆ ಮಾತ್ರ ಸೀಮೆಎಣ್ಣೆ ಬುಡ್ಡಿ. ಯಾಕೆ ಹೀಗೆ? ಆ ಕಾಲದಲ್ಲಿ ಅಷ್ಟು ದೂರ ಕರೆಂಟು ಕಳಿಸಿದ್ದಾದರೂ ಹೇಗೆ? ತಿಳಿದವರು ಹೇಳಿ. ಊಟದ ಪ್ರಶ್ನೆ ಇದು.

ಹಳೇ ಲೈನು:

ನಾನು ಎಲೆಕ್ಟ್ರಿಕಲ್ ಎಂಜಿನಿಯರ್, ರಿಟೈರ್ ಆಗಿ ಎಂಟು ವರ್ಷ ಆಯಿತು. ಮೊದಲು ಪಂದ್ಯದ ವಿಷಯ ಮುಗಿಸಿಬಿಡೋಣ.

ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್ ಶುರುವಾಗಿದ್ದು 1897ರ ನವೆಂಬರ್ 10ಕ್ಕೆ. ಶಿವನಸಮುದ್ರ 1902ರ ಜೂನ್ 30ಕ್ಕೆ. ಐದು ವರ್ಷ ಆಮೇಲೆ. ಹಾಗಾಗಿ ಭಾರತದಲ್ಲಿ ನಮ್ಮದು ಮೊದಲಲ್ಲ, ನಿಮ್ಮ ಭಾಮೈದ ಅಷ್ಟರ ಮಟ್ಟಿಗೆ ಸರಿ. ಆದರೆ ಏಷ್ಯಾದ ಮೊದಲನೆಯದು ಡಾರ್ಜಿಲಿಂಗ್ ಅಂತ ಅವರು ಹೇಳಿದ್ದರೆ ಅದೂ ತಪ್ಪು. ಜಪಾನಿನ ಕ್ಯೋಟೋದಲ್ಲಿ ಬಿವಾ ಸರೋವರದಿಂದ ಕಾಲುವೆ ತೋಡಿ, ಆ ನೀರಿನಿಂದ ಕೆಅಗೆ ಅನ್ನೋ ಜಾಗದಲ್ಲಿ 1891ರಲ್ಲೇ ಕರೆಂಟು ತೆಗೆದಿದ್ದರು. 1895ರಲ್ಲಿ ಅದರ ಮೇಲೆ ಟ್ರಾಮ್ ಕೂಡ ಓಡಿಸಿದರು. ಈಗ ನಾಟಿಕೋಳಿ ಯಾರು ಹಾಕಿಸ್ತೀರೋ ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ.

ನನಗೆ ಬೇಜಾರು ಆಗೋದು ಏನಪ್ಪಾ ಅಂದ್ರೆ, ಈ "ಏಷ್ಯಾದ ಮೊದಲ" ಅನ್ನೋ ಬೋರ್ಡಿನ ಹಿಂದೆ ನಿಜವಾಗಿ ಹೆಮ್ಮೆ ಪಡಬೇಕಾದ ವಿಷಯ ಮುಚ್ಚಿಹೋಗಿದೆ. ಸಿದ್ರಾಪೊಂಗ್‌ನಲ್ಲಿ ಇದ್ದಿದ್ದು 65 ಕಿಲೋವ್ಯಾಟಿನ ಎರಡು ಯಂತ್ರ, ಒಟ್ಟು 130. ಊರಿನ ದೀಪಕ್ಕೆ ಸಾಕಾಗುವಷ್ಟು. ಶಿವನಸಮುದ್ರದಲ್ಲಿ ಮೊದಲ ದಿನಕ್ಕೇ 720 ಕಿಲೋವ್ಯಾಟಿನ ಆರು ಯಂತ್ರ. ಅಂದರೆ 4,320. ಮೂವತ್ತಮೂರು ಪಟ್ಟು! ಇನ್ನು ದೂರ. ಕೆಜಿಎಫ್‌ಗೆ 92 ಮೈಲಿ, ಈಗಿನ ಲೆಕ್ಕದಲ್ಲಿ 148 ಕಿಲೋಮೀಟರ್. ಇದನ್ನ ಕೆಲವರು ಪ್ರಪಂಚದಲ್ಲೇ ಉದ್ದದ ಲೈನು ಅಂತ ಬರೀತಾರೆ, ಅದನ್ನೂ ನಂಬಬೇಡಿ, ಕ್ಯಾಲಿಫೋರ್ನಿಯಾದಲ್ಲಿ ಕೋಲ್ಗೇಟ್ ಅನ್ನೋ ಪವರ್ ಹೌಸ್‌ನಿಂದ ಓಕ್ಲೆಂಡ್ ತನಕ 142 ಮೈಲಿ ಲೈನು 1901ರಲ್ಲೇ ಓಡ್ತಾ ಇತ್ತು. ಆದರೆ ಯೋಚನೆ ಮಾಡಿ, ನಯಾಗರಾದಿಂದ ಬಫಲೋಗೆ 1896ರಲ್ಲಿ ಕಳಿಸಿದ್ದು ಬರೀ 26 ಮೈಲಿ, ಅದಕ್ಕೇ ಪ್ರಪಂಚ ಬಾಯಿ ಬಿಟ್ಟುಕೊಂಡು ನೋಡಿತ್ತು. ಆರು ವರ್ಷದೊಳಗೆ ಮೈಸೂರು ಸೀಮೆಯವರು ಅದರ ಮೂರೂವರೆ ಪಟ್ಟು ದೂರ ಕಳಿಸಿದರು. ಮುಂಬೈಗೆ ಟಾಟಾದವರು ಖೋಪೋಲಿಯಿಂದ ಕರೆಂಟು ತಂದಿದ್ದು 1915ರಲ್ಲಿ.

ಹೇಗೆ ಕಳಿಸಿದರು ಅನ್ನೋದಕ್ಕೆ ಬರ್ತೀನಿ. ತಂತಿಯಲ್ಲಿ ಪೋಲಾಗುವ ಕರೆಂಟು ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಆಂಪಿಯರ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಜನರೇಟರಿನಿಂದ ಹೊರಗೆ ಬರ್ತಾ ಇದ್ದಿದ್ದು 2,200 ವೋಲ್ಟು. ಹಾಗೇ ನೇರ ಲೈನಿಗೆ ಬಿಟ್ಟರೆ 4,000 ಕಿಲೋವ್ಯಾಟಿಗೆ ಸಾವಿರ ಆಂಪಿಯರ್ ದಾಟುತ್ತದೆ, ಕನಕಪುರ ತಲುಪುವಷ್ಟರಲ್ಲಿ ತಂತಿಯೇ ಎಲ್ಲ ತಿಂದು ಮುಗಿಸುತ್ತಿತ್ತು. ಅದಕ್ಕೇ ಟ್ರಾನ್ಸ್‌ಫಾರ್ಮರ್ ಹಾಕಿ 35,000 ವೋಲ್ಟಿಗೆ ಏರಿಸಿದರು. ಅಷ್ಟೇ ಕಿಲೋವ್ಯಾಟ್ ಕಳಿಸೋಕೆ ವೋಲ್ಟು ಏರಿಸಿದಷ್ಟೂ ಆಂಪಿಯರ್ ಕಡಿಮೆ ಸಾಕಾಗುತ್ತದೆ, ಈಗ 66 ಆಂಪಿಯರ್ ಸಾಕು. ಆಂಪಿಯರ್ ಹದಿನಾರು ಪಟ್ಟು ಇಳಿಯಿತು, ನಷ್ಟ ಇನ್ನೂರೈವತ್ತು ಪಟ್ಟು ಇಳಿಯಿತು. ಅದೇ ತಂತಿ, ಅದೇ ಕಂಬ. ಎಡಿಸನ್ನಿನ 110 ವೋಲ್ಟ್ ಡಿಸಿ ಕರೆಂಟಿನಲ್ಲಿ ಒಂದು ಮೈಲಿ ದಾಟೋದೇ ಕಷ್ಟ ಇತ್ತು. ಡಿಸಿ ಒಂದೇ ದಿಕ್ಕಿಗೆ ಹರಿಯುತ್ತೆ, ಏಸಿ ದಿಕ್ಕು ಬದಲಿಸುತ್ತಾ ಹರಿಯುತ್ತೆ, ಟ್ರಾನ್ಸ್‌ಫಾರ್ಮರ್ ಕೆಲಸ ಮಾಡೋದು ಏಸಿಗೆ ಮಾತ್ರ. ಏಸಿ ಕರೆಂಟು ಮತ್ತು ಟ್ರಾನ್ಸ್‌ಫಾರ್ಮರ್ ಇಲ್ಲದೆ ಶಿವನಸಮುದ್ರ ಇಲ್ಲ.

ಒಂದು ತಮಾಷೆ. ಈಗ ನಮ್ಮ ಮನೆಯ ಕರೆಂಟು 50 ಸೈಕಲ್ಲು, ಅಂದರೆ ಸೆಕೆಂಡಿಗೆ 50 ಆವರ್ತ, ಅಲ್ವಾ? ಶಿವನಸಮುದ್ರದಲ್ಲಿ ಆಗ ಹುಟ್ಟುತ್ತಾ ಇದ್ದಿದ್ದು 25 ಸೈಕಲ್ಲು. ದೊಡ್ಡ ಮೋಟಾರುಗಳಿಗೆ, ಉದ್ದ ಲೈನಿಗೆ ಅದು ಒಳ್ಳೇದು. ಬಲ್ಬಿಗೆ ಮಾತ್ರ ಕೆಟ್ಟದ್ದು, ಬೆಳಕು ಮಿಣಿಮಿಣಿ ಅನ್ನುತ್ತೆ. ಅಂದರೆ ಮೊದಲಿಂದಲೇ ಇದನ್ನ ಮನೆ ದೀಪಕ್ಕೆ ಅಂತ ಕಟ್ಟಿದ್ದಲ್ಲ, ಮೋಟಾರಿಗೆ ಅಂತ ಕಟ್ಟಿದ್ದು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಅರ್ಧ ಸಿಕ್ಕಿತು.

ಸೈನೈಡ್ ದಿಬ್ಬ:

ಉಳಿದ ಅರ್ಧ ನಾನು ಹೇಳ್ತೀನಿ. ನಾನು ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದವಳು, ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು.

ನಮ್ಮೂರಿಗೆ ಕರೆಂಟು ಬಂದಿದ್ದು ನಮ್ಮ ಮೇಲಿನ ಪ್ರೀತಿಗಲ್ಲ ಸ್ವಾಮಿ. ದುಡ್ಡು ಕೊಡುವ ಗಿರಾಕಿ ಅಲ್ಲಿದ್ದ, ಅಷ್ಟೇ. ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಗಣಿಗಳು ಆಗ ಹಬೆ ಯಂತ್ರದ ಮೇಲೆ ನಡೀತಾ ಇದ್ದವು. ಕೋಲಾರದ ಕಡೆ ಕಲ್ಲಿದ್ದಲು ಎಲ್ಲಿದೆ? ದೂರದಿಂದ ತರಿಸಬೇಕು. ಇಲ್ಲಾಂದ್ರೆ ಸೌದೆ. ಸುತ್ತಮುತ್ತಲ ಕಾಡು ಸೌದೆಗೇ ಬೋಳಾಯಿತು. ಗಣಿ ಆಳಕ್ಕೆ ಹೋದಷ್ಟೂ ಖರ್ಚು ಜಾಸ್ತಿ, ಯಾಕಂದ್ರೆ ಒಳಗಿನ ನೀರು ಎತ್ತಬೇಕು, ಗಾಳಿ ಕಳಿಸಬೇಕು, ಅದಿರು ಮೇಲಕ್ಕೆ ತರಬೇಕು, ಆಮೇಲೆ ಅದನ್ನ ಮಿಲ್ಲಿನಲ್ಲಿ ಹಗಲು ರಾತ್ರಿ ಕುಟ್ಟಿ ಪುಡಿ ಮಾಡಬೇಕು. ಆ ಕುಟ್ಟುವ ಸದ್ದು ನಿಂತರೆ ಊರಿನವರಿಗೆ ನಿದ್ದೆ ಬರ್ತಾ ಇರಲಿಲ್ಲ ಅಂತ ತಾತ ಹೇಳ್ತಾ ಇದ್ದರು.

ಈಗ ಸರ್ಕಾರದ ಕಡೆಯಿಂದ ನೋಡಿ. ಬೆಂಗಳೂರಿಗೆ ಕೊಟ್ಟರೆ ಏನಾಗುತ್ತೆ? ಸಂಜೆ ಆರಕ್ಕೆ ದೀಪ ಹಚ್ಚುತ್ತಾರೆ, ಹತ್ತಕ್ಕೆ ಆರಿಸಿ ಮಲಗುತ್ತಾರೆ. ಉಳಿದ ಇಪ್ಪತ್ತು ಗಂಟೆ ಯಂತ್ರ ಸುಮ್ನೆ ಕೂತಿರಬೇಕು. ಹೊಳೆ ನೀರು ಮಾತ್ರ ಯಾರಿಗೂ ಕಾಯದೆ ಹರಿದುಹೋಗುತ್ತದೆ. ಗಣಿ ಹಾಗಲ್ಲ. ಇಪ್ಪತ್ತನಾಲ್ಕು ಗಂಟೆ, ಭಾನುವಾರ ಹಬ್ಬ ಯಾವುದೂ ಇಲ್ಲದೆ ಕರೆಂಟು ನುಂಗುತ್ತದೆ. ಮೊದಲೇ ಕರಾರು ಮಾಡಿಕೊಂಡು, ಇಷ್ಟು ಕುದುರೆಶಕ್ತಿಗೆ ಇಷ್ಟು ದುಡ್ಡು ಅಂತ ಬರೆದುಕೊಟ್ಟ ಗಿರಾಕಿ. ಮೇಲೆ ಗಣಿಯ ಚಿನ್ನದಲ್ಲಿ ಮೈಸೂರು ಸರ್ಕಾರಕ್ಕೆ ರಾಯಲ್ಟಿ ಬೇರೆ. ಗಣಿಗೆ ಲಾಭ ಆದರೆ ಸರ್ಕಾರಕ್ಕೆ ಎರಡು ಕಡೆಯಿಂದ ಲಾಭ. ನೀವೇ ದಿವಾನರಾಗಿದ್ದರೆ ಯಾರಿಗೆ ಕೊಡ್ತಾ ಇದ್ರಿ?

ಬೆಂಗಳೂರಿಗೆ ಕರೆಂಟಿನ ದೀಪ ಬಂದಿದ್ದು 1905ರ ಆಗಸ್ಟ್ 5ಕ್ಕೆ. ಮೈಸೂರಿಗೆ 1908ರಲ್ಲಿ. ಕೆಜಿಎಫ್‌ನವರು ಬೆಂಗಳೂರಿನವರಿಗೆ ಇವತ್ತಿಗೂ ಇದನ್ನ ಹೇಳಿಕೊಂಡು ಜಂಬ ಪಡ್ತೀವಿ. ಆದರೆ ಆ ಕರೆಂಟು ಗಣಿಗೆ, ದೊರೆಗಳ ಬಂಗಲೆಗೆ, ಕ್ಲಬ್ಬಿಗೆ. ಕೂಲಿ ಲೈನಿನ ತಟ್ಟಿ ಮನೆಗಳಲ್ಲಿ ನಿಮ್ಮಜ್ಜಿ ಹಚ್ಚಿದ ಬುಡ್ಡಿಯೇ. ಹಾಗಾಗಿ ಕೆಜಿಎಫ್‌ಗೆ ಸಿಕ್ತು, ನಮಗೆ ಸಿಗಲಿಲ್ಲ ಅಂತ ನಮ್ಮ ಮೇಲೆ ಕೋಪ ಮಾಡಿಕೊಳ್ಳಬೇಡಿ.

ತಲೆಹರಟೆ ತಮ್ಮಯ್ಯ:

ಎಲ್ಲ ಸರಿ, ಇಷ್ಟು ಉದ್ದ ಬರೆದಿದ್ದೀರಿ, ಇದನ್ನ ಕಟ್ಟಿದ ಪುಣ್ಯಾತ್ಮ ವಿಶ್ವೇಶ್ವರಯ್ಯನವರ ಹೆಸರೇ ಇಲ್ಲವಲ್ಲ ಗುರುವೇ!

ಹಳೇ ಲೈನು:

ಬಂತು ನೋಡಿ. ತಮ್ಮಯ್ಯನವರೇ, 1902ರಲ್ಲಿ ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ಕೆಲಸದಲ್ಲಿದ್ದರು. ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ. ಮೈಸೂರು ಸೀಮೆಯಲ್ಲಿ ಕಲ್ಲು ಕಟ್ಟಿದ್ದೆಲ್ಲ ಅವರೇ ಅಂತ ನಂಬೋದು ನಮ್ಮ ಅಭ್ಯಾಸ. ಅವರ ಮೇಲೆ ನನಗೂ ಗೌರವ ಇದೆ, ಆದರೆ ಇನ್ನೊಬ್ಬರ ಕೆಲಸ ಅವರ ಲೆಕ್ಕಕ್ಕೆ ಬರೆಯೋದು ಅವರಿಗೂ ಹಿಡಿಸುತ್ತಿರಲಿಲ್ಲ.

ಇದರ ಹಿಂದಿದ್ದವರು ದಿವಾನ್ ಶೇಷಾದ್ರಿ ಅಯ್ಯರ್. ಬೆಂಗಳೂರಿನ ಶೇಷಾದ್ರಿಪುರಂ ಇದೆಯಲ್ಲ, ಅವರದೇ ಹೆಸರು. ಎಂಜಿನಿಯರ್ ಯಾರು ಅಂದ್ರೆ, ಜೋಲಿ ಡಿ ಲಾಟ್ಬಿನಿಯೇರ್ ಅಂತ ಬ್ರಿಟಿಷ್ ಸೈನ್ಯದ ರಾಯಲ್ ಎಂಜಿನಿಯರ್ಸ್ ಪಡೆಯವರು, ಮೈಸೂರಿನಲ್ಲಿ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದರು. ಹೆಸರು ಫ್ರೆಂಚ್, ಊರು ಕೆನಡಾ. ಅವರ ತಂದೆ ಕ್ವಿಬೆಕ್‌ನ ಪ್ರೀಮಿಯರ್ ಆಗಿದ್ದವರು. ಈ ಮನುಷ್ಯ ಯುರೋಪು ಅಮೆರಿಕ ಎಲ್ಲ ಸುತ್ತಿ ಅಲ್ಲಿನ ಪವರ್ ಹೌಸ್‌ಗಳನ್ನ ನೋಡಿಕೊಂಡು ಬಂದರು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಬ್ರಿಟಿಷರ ಕಾಲದಲ್ಲಿ ಬ್ರಿಟನ್ನನ್ನ ಬಿಟ್ಟು ಬೇರೆ ಕಡೆಯಿಂದ ಯಂತ್ರ ತರಿಸಿದ್ದು ನನಗಂತೂ ಮಜಾ ಅನಿಸುತ್ತದೆ. ಆಮೇಲೆ ಇದೇ ಲಾಟ್ಬಿನಿಯೇರ್ ಕಾಶ್ಮೀರಕ್ಕೆ ಹೋಗಿ ಝೀಲಂ ನದಿಯ ಮೇಲೆ ಮೊಹೋರಾ ಪವರ್ ಹೌಸ್ ಕಟ್ಟಿದರು.

ರೈಲು ಇಳಿದ ಮೇಲೆ ಆ ಯಂತ್ರಗಳು ಆನೆ ಮೇಲೆ, ಗಾಡಿ ಮೇಲೆ ಬಂದವು. ಜಲಪಾತದ ಮೇಲ್ಗಡೆ ಹೊಳೆಗೆ ಅಡ್ಡ ಕಟ್ಟೆ, ಅಲ್ಲಿಂದ ಕಾಲುವೆ, ಕಾಲುವೆ ತುದಿಯಿಂದ ದಪ್ಪ ಕಬ್ಬಿಣದ ಪೈಪುಗಳಲ್ಲಿ ಸುಮಾರು 400 ಅಡಿ ಕೆಳಗೆ ನೀರು. ಅಷ್ಟೇ ಉಪಾಯ. ಜಲಪಾತಕ್ಕೆ ಕೈಯೇ ಹಾಕಿಲ್ಲ, ಅದನ್ನ ಸುತ್ತುಹಾಕಿಕೊಂಡು ನೀರನ್ನ ಪಕ್ಕದಿಂದ ಇಳಿಸಿದ್ದಾರೆ. ಬೇಸಿಗೆಯಲ್ಲಿ ಗಗನಚುಕ್ಕಿಗೆ ಹೋಗಿ ಬರೀ ಬಂಡೆ ನೋಡಿಕೊಂಡು ಬಂದು ಬೈಕೊಳ್ಳುತ್ತಾರಲ್ಲ, ಇರುವ ಅಷ್ಟಿಷ್ಟು ನೀರು ಪೈಪಿನೊಳಗೆ ಹೋಗಿರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಇದನ್ನ ನಾಲ್ವಡಿಯವರು ಮಾಡಿಸಿದ್ದು ಅಂತ. ಅವರ ತಂದೆ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡಾಗ ನಾಲ್ವಡಿಯವರು ಇನ್ನೂ ಹುಡುಗ. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯ ನೋಡಿಕೊಳ್ಳುತ್ತಾ ಇದ್ದರು. ಮಗನಿಗೆ ಅಧಿಕಾರ ಬಂದಿದ್ದು 1902ರ ಆಗಸ್ಟ್ 8ಕ್ಕೆ, ಪವರ್ ಹೌಸ್ ಶುರುವಾಗಿ ಐದೂವರೆ ವಾರ ಆದಮೇಲೆ. ಶೇಷಾದ್ರಿ ಅಯ್ಯರ್ ಅಂತೂ ಅದನ್ನ ನೋಡಲೇ ಇಲ್ಲ, 1901ರ ಸೆಪ್ಟೆಂಬರಿನಲ್ಲೇ ಹೋಗಿಬಿಟ್ಟರು.

ನಾಲೆ ನೀರು:

ಸಾರ್, ವಿಶ್ವೇಶ್ವರಯ್ಯನವರನ್ನ ಪೂರ್ತಿ ಹೊರಗೆ ಕಳಿಸಬೇಡಿ. ನಾವು ಪಾಂಡವಪುರದ ಕಡೆ ರೈತರು, ನಮಗೆ ಬಿಟ್ಟುಕೊಡೋಕೆ ಆಗಲ್ಲ.

ಶಿವನಸಮುದ್ರ ಶುರುವಾದ ಮೇಲೆ ಒಂದು ಕಷ್ಟ ಬಂತು. ಕಾವೇರಿ ಮಳೆಗಾಲದಲ್ಲಿ ಊರು ಮುಳುಗಿಸುವಷ್ಟು ಬರ್ತಾಳೆ, ಬೇಸಿಗೆಯಲ್ಲಿ ಮಂಡಿಯಷ್ಟೂ ಇರಲ್ಲ. ಪವರ್ ಹೌಸ್‌ಗೆ ವರ್ಷ ಪೂರ್ತಿ ಒಂದೇ ಸಮ ನೀರು ಬೇಕು. ಗಣಿಯವರೋ ವರ್ಷ ವರ್ಷ ಇನ್ನೂ ಕೊಡಿ ಇನ್ನೂ ಕೊಡಿ ಅಂತಿದ್ದರು. ಯಂತ್ರ ಜಾಸ್ತಿ ಮಾಡಬಹುದು, ಬೇಸಿಗೆಯಲ್ಲಿ ನೀರು ಎಲ್ಲಿಂದ ತರೋದು? ಮೇಲೆ ಎಲ್ಲಾದರೂ ಕಟ್ಟಿ ನಿಲ್ಲಿಸಬೇಕು. ಕನ್ನಂಬಾಡಿ ಕಟ್ಟೆ ಶುರುವಾಗಿದ್ದು 1911ರಲ್ಲಿ. ಆಗ ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರ್, ಮುಂದಿನ ವರ್ಷ ದಿವಾನರಾದರು. ಮದರಾಸಿನವರು ತಕರಾರು ತೆಗೆದರು, 1914ರಲ್ಲಿ ಗ್ರಿಫಿನ್ ತೀರ್ಪು ಬಂತು, ಅದನ್ನೂ ಅವರು ಒಪ್ಪಲಿಲ್ಲ, ಕೊನೆಗೆ 1924ರ ಒಪ್ಪಂದ. ಈಗ ಟೀವಿಯಲ್ಲಿ ಕಾವೇರಿ ಜಗಳ ಬಂದಾಗೆಲ್ಲ ಅದರ ಹೆಸರು ಕೇಳ್ತೀವಲ್ಲ, ಅದೇ.

ಆ ಕಟ್ಟೆಯಿಂದ ಆಮೇಲೆ ನಾಲೆ ತೆಗೆದರು. ಹುಲಿಕೆರೆ ಸುರಂಗದಲ್ಲಿ ಗುಡ್ಡ ಕೊರೆದು ನೀರು ಈ ಕಡೆ ಬಂತು. ಆಗ ಇರ್ವಿನ್ ನಾಲೆ ಅಂತಿದ್ದರು, ಈಗ ವಿಸಿ ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ರಾಗಿ ಹುರುಳಿ ಬೆಳೀತಿದ್ದ ಹೊಲ ಭತ್ತದ ಗದ್ದೆ ಆಯಿತು, ಕಬ್ಬು ಬಂತು, 1933ಕ್ಕೆ ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ. ಹಾಗಾಗಿ ಮಂಡ್ಯದ ಮೊಮ್ಮಗ ಅವರೇ, ಕೆಜಿಎಫ್‌ಗೆ ಮೊದಲು ಕರೆಂಟು ಹೋಯಿತು ಅಂತ ಹೊಟ್ಟೆ ಉರಿಸಿಕೊಳ್ಳಬೇಡಿ. ಗಣಿಯವರಿಗೆ ಕರೆಂಟು ಸಾಲಲಿಲ್ಲ ಅಂತಲೇ ನಮಗೆ ಕಟ್ಟೆ ಬಂತು.

ಹಳೇ ಲೈನು:

ನೀವು ಹೇಳಿದ್ದು ಬಹುಪಾಲು ಸರಿ. ಕೊನೇ ಮಾತು ಮಾತ್ರ ಸ್ವಲ್ಪ ಎಳೆದಿರಿ. ನೀರಾವರಿ ಆಮೇಲೆ ಹೊಳೆದ ಯೋಚನೆ ಅಲ್ಲ, ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ಮೊದಲಿಂದಲೂ ಎರಡೂ ಇತ್ತು, ಕರೆಂಟಿಗೂ ನೀರು, ಹೊಲಕ್ಕೂ ನೀರು. ಆದರೆ ಕಟ್ಟೆಗೆ ಹಾಕಿದ ದುಡ್ಡು ವಾಪಸ್ ಹೇಗೆ ಬರುತ್ತೆ ಅಂತ ಖಜಾನೆಯವರು ಕೇಳಿದಾಗ ತೋರಿಸೋಕೆ ಕೈಯಲ್ಲಿ ಇದ್ದಿದ್ದು ಗಣಿಯ ಕರೆಂಟು ಬಿಲ್ಲು. ನಾಲೆ ತೋಡಿ, ಗದ್ದೆ ಮಾಡಿ, ರೈತ ಕಂದಾಯ ಕಟ್ಟೋಕೆ ಹತ್ತಿಪ್ಪತ್ತು ವರ್ಷ ಬೇಕಾಗುತ್ತದೆ. ಗಣಿ ಕಂಪನಿ ಕಾಯಿಸೋದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ನಾಲೆ ನೀರು:

ಸರಿ ಸಾರ್, ಅರ್ಧ ಒಪ್ಪಿದ್ರಲ್ಲ, ಸಾಕು.

ಸೈನೈಡ್ ದಿಬ್ಬ:

ಒಂದು ಮಾತು ಸೇರಿಸ್ತೀನಿ. ನಮ್ಮ ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಅವತ್ತು ಮನೆಯಲ್ಲಿ ಅಪ್ಪ ಊಟ ಮಾಡಲಿಲ್ಲ. ಹೋದ ವರ್ಷ ಸಂಬಂಧಿಕರ ಮದುವೆಗೆ ಕೊಳ್ಳೇಗಾಲಕ್ಕೆ ಹೋಗ್ತಾ ಶಿವನಸಮುದ್ರದ ಹತ್ತಿರ ಬಸ್ಸು ನಿಂತಿತ್ತು. ಕಂಡಕ್ಟರ್ "ಬ್ಲಫ್ ಯಾರ್ರೀ ಇಳಿಯೋರು" ಅಂದ, ಅಲ್ಲಿನವರು ಪವರ್ ಹೌಸಿನ ಕಾಲೋನಿಗೆ ಬ್ಲಫ್ ಅಂತಾರಂತೆ. ಯಾರ ಸಲುವಾಗಿ ಈ ಪವರ್ ಹೌಸ್ ಕಟ್ಟಿದರೋ ಆ ಗಣಿಯೇ ಇಲ್ಲ, ಇದು ಇನ್ನೂ ಓಡ್ತಾ ಇದೆ. ಸಾರ್, ಈಗಲೂ ಆ 1902ರ ಯಂತ್ರಗಳೇನಾ?

ಹಳೇ ಲೈನು:

ಇಲ್ಲ ಮೇಡಂ. ಆ 720 ಕಿಲೋವ್ಯಾಟಿನವು ಕೆಲಸ ಮುಗಿಸಿ ಎಷ್ಟೋ ಕಾಲ ಆಯಿತು. ಈಗಿರುವುದು ಆಮೇಲೆ ಹಾಕಿದವು, 3 ಮೆಗಾವ್ಯಾಟಿನ ಆರು, 6 ಮೆಗಾವ್ಯಾಟಿನ ನಾಲ್ಕು, ಒಟ್ಟು 42 ಮೆಗಾವ್ಯಾಟ್. ಹತ್ತೂ ಯಂತ್ರ ಪೂರ್ತಿ ಓಡಿದರೂ ರಾಯಚೂರಿನ 210 ಮೆಗಾವ್ಯಾಟಿನ ಒಂದು ಯೂನಿಟ್ಟಿನ ಐದನೇ ಒಂದು ಪಾಲು. ಆದರೆ ಕಲ್ಲಿದ್ದಲ ಖರ್ಚಿಲ್ಲ, ಹಾಕಿದ ದುಡ್ಡು ಯಾವತ್ತೋ ವಾಪಸ್ ಬಂದಿದೆ, ನೀರು ಬಂದರೆ ಸಾಕು, ತಿರುಗುತ್ತಾ ಇರುತ್ತೆ.

ಒಳಗೆ ನೋಡಬೇಕು ಅಂದ್ರೆ ಮೊದಲೇ ಬರೆದು ಅನುಮತಿ ತಗೋಬೇಕು, ಸುಮ್ನೆ ಗೇಟಿನ ಹತ್ತಿರ ಹೋದರೆ ಬಿಡೋದಿಲ್ಲ. ಸಿಕ್ಕಿದರೆ ಖಂಡಿತ ಹೋಗಿ. ಮೇಲಿಂದ ಕೆಳಗೆ ಹಳಿ ಮೇಲೆ ಟ್ರಾಲಿಯಲ್ಲಿ ಇಳಿಯಬೇಕು, ಪಕ್ಕದಲ್ಲೇ ಆ ದಪ್ಪ ಪೈಪುಗಳು. ಕೈ ಇಟ್ಟರೆ ಒಳಗೆ ನೀರು ನಡುಗೋದು ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನ ಅಲ್ಲಿಗೆ ಕರೆದುಕೊಂಡು ಹೋಗಿದ್ದರು, ಟ್ರಾಲಿ ಇಳಿಯುವಾಗ ಕಣ್ಣು ಮುಚ್ಚಿಕೊಂಡಿದ್ದೆ, ಹಾಗಾಗಿ ಆ ದಾರಿಯ ವಿವರ ನನ್ನನ್ನ ಕೇಳಬೇಡಿ.

ತಲೆಹರಟೆ ತಮ್ಮಯ್ಯ:

ಹಾಗಾದ್ರೆ ನಾಟಿಕೋಳಿ ಯಾರದು? ಅದನ್ನ ಹೇಳ್ರಪ್ಪ, ನಾನು ಅದಕ್ಕೇ ಕಾಯ್ತಾ ಇದ್ದೀನಿ.

ಮಂಡ್ಯದ ಮೊಮ್ಮಗ:

ಎಲ್ಲರಿಗೂ ದೊಡ್ಡ ನಮಸ್ಕಾರ. ರಾತ್ರಿ ಕೂತು ಎಲ್ಲ ಓದಿ ಮಗಳಿಗೂ ಓದಿ ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ "ಏಷ್ಯಾದ ಮೊದಲ" ಅನ್ನೋದನ್ನ ಗೀಚಿ ಹಾಕಿ "92 ಮೈಲಿ" ಅಂತ ಬರೆದಿದ್ದಾಳೆ. ಮಿಸ್ ಹತ್ತಿರ ಮಾರ್ಕ್ಸ್ ಹೋದರೆ ಹಳೇ ಲೈನು ಸಾರ್ ಅವರೇ ಬಂದು ಮಾತಾಡಬೇಕಂತೆ.

ಭಾಮೈದನಿಗೆ ಫೋನ್ ಮಾಡಿ ಡಾರ್ಜಿಲಿಂಗ್ ವಿಷಯದಲ್ಲಿ ನಾನು ಸೋತೆ ಅಂತ ಒಪ್ಪಿಕೊಂಡೆ. ಅವನು ಕುಣಿದಾಡಿದ. ಆಮೇಲೆ ಕ್ಯೋಟೋ ಬಿಟ್ಟೆ. ಎರಡು ನಿಮಿಷ ಮಾತೇ ಇಲ್ಲ. ಕೋಳಿ ನನ್ನದು, ಮುದ್ದೆ ಮತ್ತು ಸೌದೆ ಅವನದು ಅಂತ ತೀರ್ಮಾನ ಆಗಿದೆ. ತಮ್ಮಯ್ಯನವರೇ, ಭಾನುವಾರ ಮಧ್ಯಾಹ್ನ ಬನ್ನಿ.